ಎದೆಯ ನೀರೂ ಒತ್ತಡದ ಅಳತೆಯೂ

ಸೀಮೆಎಣ್ಣೆ ತುಂಬಿದ ಡಬ್ಬಕ್ಕೆ ಒಂದೇ ತೂತನ್ನು ಕೊರೆದು ಬಗ್ಗಿಸಿದರೆ ಎಣ್ಣೆಯು ಸರಾಗವಾಗಿ ಹರಿಯದೆಂಬುದನ್ನು ತಾವು ಕಂಡಿರಬಹುದು. ಹೊರಬಿದ್ದ ಎಣ್ಣೆಯ ಸ್ಥಳವನ್ನು ತುಂಬಲು ಗಾಳಿಗೆ ದಾರಿಯಿಲ್ಲದಿರುವುದೇ ಇದಕ್ಕೆ ಕಾರಣ. ಎರಡನೆಯ ತೂತನ್ನು ಮಾಡಿದೊಡನೆ ತೊಂದರೆ ತಪ್ಪುತ್ತದೆ. ಮನುಷ್ಯನ ಎದೆಯೂ ಇಂಥದೇ ಮುಚ್ಚಿದ ಗೂಡು. ಅದರಲ್ಲಿ ನೀರು ಸೇರಿದಾಗ ವೈದ್ಯರು ಸೂಜಿಯನ್ನು ಚುಚ್ಚಿ ಅದನ್ನು ಹೊರತೆಗೆಯುತ್ತಾರೆ. ಆದರೆ ಇಲ್ಲಿ ಗಾಳಿಗೆ ಎರಡನೆಯ ತೂತನ್ನು ಮಾಡುವಂತಿಲ್ಲ. ಹಾಗಾದರೆ ತೆಗೆದ ನೀರಿನ ಸ್ಥಳವನ್ನು ಯಾವುದು ತುಂಬಬೇಕು? ಇದನ್ನೇ ಇಂದು ವಿಚಾರಮಾಡೋಣ.

ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು, ಹೀಗೆ ಎರಡು ತೆಳುವಾದ ಪೊರೆಗಳಿವೆ. ಇವುಗಳ ನಡುವೆ ಆರೋಗ್ಯವಂತರಲ್ಲಿ ಇರುವುದು ಕೆಲವೇ ಮಿಲಿಲೀಟರುಗಳಷ್ಟು ದ್ರವ. ಶ್ವಾಸಕೋಶವು ರಬ್ಬರಿನಂತೆ ಸದಾ ಒಳಕ್ಕೆ ಕುಗ್ಗಲೆಳಸುತ್ತದೆ. ಎದೆಗೂಡು ಹೊರಕ್ಕೆ ಹಿಗ್ಗಲೆಳಸುತ್ತದೆ. ಈ ಎಳೆದಾಟದ ಫಲವಾಗಿ ಪೊರೆಗಳ ನಡುವಣ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಮೆಯಾಗಿರುತ್ತದೆ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಆ ಕೊರತೆಯು ಸುಮಾರು ೫ ಸೆಂಟಿಮೀಟರ್ ನೀರಿನ ಎತ್ತರದಷ್ಟು.

ಕ್ಷಯ, ಹೃದಯದ ದೌರ್ಬಲ್ಯ, ಅರ್ಬುದ ಮೊದಲಾದ ರೋಗಗಳಲ್ಲಿ ಈ ಸಂದಿಯಲ್ಲಿ ಲೀಟರುಗಟ್ಟಲೆ ನೀರು ಸೇರುವುದುಂಟು. ಶ್ವಾಸಕೋಶವು ಮುದುಡುತ್ತದೆ; ರೋಗಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತದೆ. ನೀರನ್ನು ತೆಗೆಯುತ್ತ ಹೋದಂತೆ ಮುದುಡಿದ ಶ್ವಾಸಕೋಶವು ಅರಳಿ ತನ್ನ ಸ್ಥಳಕ್ಕೆ ಮರಳಬೇಕು. ಆದರೆ ರೋಗವು ಅದರ ಮೇಲೆ ದಪ್ಪನಾದ ಪದರವೊಂದನ್ನು ಬೆಳೆಸಿದ್ದರೆ ಅದು ಅರಳಲಾರದು. ಆಗ ತೆಗೆದ ನೀರಿನ ಸ್ಥಳವನ್ನು ತುಂಬುವುದಕ್ಕೆ ಏನೂ ಇಲ್ಲದೆ ಒತ್ತಡವು ಥಟ್ಟನೆ ಇಳಿಯುತ್ತದೆ.

ಇದನ್ನು ಅಳೆಯುವ ಉಪಾಯವು ಹೊಸದಲ್ಲ. ಲಿವರ್‌ಪೂಲಿನ ವೈದ್ಯ ಜೇಮ್ಸ್ ಕಾರ್ಸನ್ನನು ೧೮೨೦ರಲ್ಲಿಯೇ ಪ್ರಾಣಿಗಳ ಶ್ವಾಸಕೋಶದ ಕುಗ್ಗುವ ಶಕ್ತಿಯನ್ನು ನೀರಿನ ಕಂಬದಿಂದ ಅಳೆದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಕ್ಷಯರೋಗಿಯ ಎದೆಯೊಳಕ್ಕೆ ಗಾಳಿಯನ್ನು ತುಂಬುವ ಚಿಕಿತ್ಸೆಯಿದ್ದ ಕಾಲದಲ್ಲಿ, ಡೆನ್ಮಾರ್ಕಿನ ಸಾಗ್‌ಮನ್ನನು ಆ ಉಪಕರಣಕ್ಕೆ ನೀರಿನ ಮಾಪಕವನ್ನು ಜೋಡಿಸಿದನು. ಅದರ ಅತಿ ಸರಳವಾದ ರೂಪವೆಂದರೆ ನೀರು ತುಂಬಿ ಬಗ್ಗಿಸಿದ ಗಾಜಿನ ಕೊಳವೆ. ಒಂದು ತುದಿಯು ಸೂಜಿಗೆ, ಇನ್ನೊಂದು ಹೊರಗಾಳಿಗೆ. ಎರಡು ಮಟ್ಟಗಳ ಅಂತರವೇ ಒತ್ತಡ. ಈಗ ವಿದ್ಯುನ್ಮಾಪಕಗಳೂ ಬಂದಿವೆ. ತತ್ತ್ವ ಮಾತ್ರ ಅದೇ.

ಉದಾಹರಣೆಗಾಗಿ ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರಲ್ಲಿ ಆರಂಭದ ಒತ್ತಡವು ಹೊರಗಾಳಿಗಿಂತ ೮ ಸೆಂಟಿಮೀಟರ್ ಹೆಚ್ಚು; ಒಂದು ಲೀಟರ್ ತೆಗೆದ ಮೇಲೆ ೧. ಇಳಿದದ್ದು ೭ ಮಾತ್ರ, ಶ್ವಾಸಕೋಶವು ಅರಳುತ್ತಿದೆ. ಎರಡನೆಯವರಲ್ಲಿ ಆರಂಭದಲ್ಲಿಯೇ ೨ ಕಡಮೆ. ಅರ್ಧ ಲೀಟರ್ ತೆಗೆಯುವಷ್ಟರಲ್ಲಿ ೧೬ ಕಡಮೆ. ಎಂದರೆ ಲೀಟರಿಗೆ ೨೮ರ ಲೆಕ್ಕ. ಲೀಟರಿಗೆ ೧೪.೫ನ್ನು ಮೀರಿದ ಇಳಿತವು ಶ್ವಾಸಕೋಶವು ಸೆರೆಯಾಗಿದೆಯೆಂಬುದರ ಸೂಚನೆ. ಆದುದರಿಂದ ಎಷ್ಟು ನೀರು ಬಂದಿತೆಂಬುದಷ್ಟೇ ಮುಖ್ಯವಲ್ಲ. ಅಷ್ಟನ್ನು ಕೊಟ್ಟ ಎದೆಯು ಎಷ್ಟು ಸೆಳೆತಕ್ಕೆ ಒಳಗಾಯಿತೆಂಬುದೂ ಮುಖ್ಯ.

ಮಿತಿಮೀರಿದ ಸೆಳೆತದಿಂದ ಎದೆನೋವು ಬರಬಹುದು. ಬಹುಕಾಲ ಮುದುಡಿದ್ದ ಶ್ವಾಸಕೋಶವು ಒಮ್ಮೆಗೆ ಅರಳಿದಾಗ, ಅಪರೂಪವಾಗಿಯಾದರೂ, ಅದರೊಳಗೇ ನೀರು ಒಸರುವ ಅಪಾಯವುಂಟು. ಈ ಭಯದಿಂದಲೇ ಒಂದು ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯಬಾರದೆಂಬ ಕಟ್ಟಳೆಯು ಬಳಕೆಗೆ ಬಂದಿತು. ೧೯೮೦ರಲ್ಲಿ ಅಮೆರಿಕದ ರಿಚರ್ಡ್ ಲೈಟ್ ಮತ್ತು ಸಂಗಡಿಗರು ಒತ್ತಡವನ್ನು ಅಳೆಯುತ್ತ ನೀರು ತೆಗೆದು, ಅದು ಹೊರಗಾಳಿಗಿಂತ ೨೦ ಸೆಂಟಿಮೀಟರ್ ಕೆಳಗಿಳಿದರೆ ನಿಲ್ಲಿಸತಕ್ಕದ್ದೆಂದು ಸೂಚಿಸಿದರು.

ಹಾಗಾದರೆ ಪ್ರತಿಯೊಬ್ಬರಲ್ಲಿಯೂ ಮಾಪಕವು ಅವಶ್ಯವೆ? ಅಮೆರಿಕದಲ್ಲಿ ೧೨೪ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯೊಂದು ೨೦೧೯ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ರೋಗಿಯ ಲಕ್ಷಣಗಳೇ ವೈದ್ಯನಿಗೆ ದಾರಿದೀಪ. ಇನ್ನೊಂದರಲ್ಲಿ ಅವುಗಳ ಜೊತೆಗೆ ಮಾಪಕ. ಎದೆಯ ಬೇನೆಯು ಮಾಪಕದಿಂದ ಕಡಮೆಯಾದಂತೆ ಕಾಣಲಿಲ್ಲ. ಇದರಿಂದ ಮಾಪಕವು ನಿರರ್ಥಕವೆಂದಾಗದು. ಮತ್ತೆಮತ್ತೆ ನೀರು ತುಂಬುವವರಲ್ಲಿ ಪೊರೆಗಳೆರಡನ್ನೂ ಅಂಟಿಸುವ ಚಿಕಿತ್ಸೆಯೊಂದುಂಟು. ಅರಳಲಾರದ ಶ್ವಾಸಕೋಶವು ಗೋಡೆಯನ್ನು ಮುಟ್ಟದಾದ್ದರಿಂದ ಅಲ್ಲಿ ಆ ಚಿಕಿತ್ಸೆ ಫಲಿಸದು. ಅಂಥವರನ್ನು ಮೊದಲೇ ಗುರುತಿಸಿ ವ್ಯರ್ಥವಾದ ನೋವನ್ನು ತಪ್ಪಿಸಲು ಮಾಪಕವು ನೆರವಾಗುತ್ತದೆ.

ಈ ಪರೀಕ್ಷೆಯಲ್ಲಿ ನಮಗೂ ಒಂದು ಪಾಠವಿದೆ. ನಮ್ಮ ಜನರಲ್ಲಿ ವೈದ್ಯನ ಮುಂದೆ ನೋವನ್ನು ನುಂಗಿಕೊಳ್ಳುವುದೇ ಸೌಜನ್ಯವೆಂಬ ಭಾವನೆಯುಂಟು. ಸೂಜಿಯು ಎದೆಯಲ್ಲಿರುವಾಗ ಈ ಸೌಜನ್ಯವು ಸಲ್ಲದು. ಬಿಡದ ಕೆಮ್ಮು, ಎದೆಯನ್ನು ಬಿಗಿದು ಎಳೆದಂತಾಗುವುದು, ಹೆಚ್ಚುವ ಉಬ್ಬಸ, ಇವುಗಳಲ್ಲಿ ಯಾವುದು ತೋರಿದರೂ ಒಡನೆಯೇ ಹೇಳಬೇಕು. ಗಾಜಿನ ಕೊಳವೆಯಿಲ್ಲದ ಊರಿನಲ್ಲಿಯೂ ವೈದ್ಯನಿಗೆ ಅಳತೆಯು ದೊರೆಯುವುದು ರೋಗಿಯ ಆ ಮಾತಿನಿಂದಲೇ.