ಅಡಿಕೆ ಗೋಣಿ, ಲ್ಯಾಂಬ್ಡಾ ಲೆಕ್ಕ

ಬಂಟ್ವಾಳದ ಕೃಷಿಕರೊಬ್ಬರ ಅಂಗಳದಲ್ಲಿ ನಾಲ್ಕು ಗೋಣಿ ಅಡಿಕೆ ಇದೆ ಎಂದಿಟ್ಟುಕೊಳ್ಳಿ. ಮೂರರಲ್ಲಿ ಹೊಸ ಅಡಿಕೆ: 60, 65, 55 ಕಿಲೋ. ನಾಲ್ಕನೆಯದರಲ್ಲಿ ಬರೀ ಕೋಕ, ಎಂದರೆ ಕೆಳದರ್ಜೆಯ ಅಡಿಕೆ. ಕಿಲೋಗೆ 400 ರೂಪಾಯಿ ಧಾರಣೆಯಾದರೆ ಹೊಸ ಅಡಿಕೆಗೆ ಎಷ್ಟು ಸಿಕ್ಕೀತು?

ಸಿ ಅಥವಾ ಜಾವಾ ಕಲಿತವರು ‘ಮೊತ್ತ’ ಎಂಬ ವೇರಿಯೇಬಲ್‌ನಲ್ಲಿ ಸೊನ್ನೆ ಇಟ್ಟು, ಲೂಪ್ ತಿರುಗಿಸುತ್ತ, ಗೋಣಿಗೊಮ್ಮೆ ಅದನ್ನು ತಿದ್ದುತ್ತ ಹೋಗುತ್ತಾರೆ. ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯಲ್ಲಿ ಈ ತಿದ್ದಾಟ ಇಲ್ಲ. ‘ಫಿಲ್ಟರ್’ ಕೋಕವನ್ನು ಬಿಟ್ಟು ಮೂರು ಗೋಣಿಗಳ ಹೊಸ ಪಟ್ಟಿ ಕೊಡುತ್ತದೆ. ‘ಮ್ಯಾಪ್’ ಪ್ರತಿ ತೂಕವನ್ನೂ 400ರಿಂದ ಗುಣಿಸಿ 24,000, 26,000, 22,000 ಎಂಬ ಇನ್ನೊಂದು ಪಟ್ಟಿ ಮಾಡುತ್ತದೆ. ‘ಫೋಲ್ಡ್’ ಅವನ್ನು ಕೂಡಿಸಿ 72,000 ಎನ್ನುತ್ತದೆ. ಮೊದಲಿನ ಪಟ್ಟಿ ಮಾತ್ರ ಇದ್ದ ಹಾಗೇ ಇರುತ್ತದೆ.

ಲಾಭ ಇರುವುದೇ ಅಲ್ಲಿ. ಇಂಥ ಫಂಕ್ಷನ್‌ಗೆ ಒಂದೇ ಲೆಕ್ಕ ಎಷ್ಟು ಸಲ ಕೊಟ್ಟರೂ ಬರುವುದು ಒಂದೇ ಉತ್ತರ. ಹಾಗಾಗಿ ತಪ್ಪು ಎಲ್ಲಿದೆಯೆಂದು ಹುಡುಕುವುದು ಸುಲಭ. ನಡುವೆ ಯಾರೂ ಡೇಟಾ ಬದಲಿಸದ ಕಾರಣ, ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿದರೂ ಗೊಂದಲ ಕಡಿಮೆ.

ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1930ರ ದಶಕದಲ್ಲಿ ರೂಪಿಸಿದ ಲ್ಯಾಂಬ್ಡಾ ಕ್ಯಾಲ್ಕುಲಸ್ ಈ ಪದ್ಧತಿಯ ಬೇರು. 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕೆಲಸ ಶುರುಮಾಡಿದರು. 1990ರಲ್ಲಿ ಹ್ಯಾಸ್ಕೆಲ್ ಬಂತು. ಅದಕ್ಕೆ ಇನ್ನೊಬ್ಬ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು.

ಇದು ಪ್ರಯೋಗಾಲಯದ ಸರಕು ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ರಸ್ತೆಗಿಳಿದ ‘ನಮ್ಮ ಯಾತ್ರಿ’ ಆಟೊ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲೇ ಇದೆ. ಅದನ್ನು ಕಟ್ಟಿದ್ದು ಅಲ್ಲಿನ ಜಸ್‌ಪೇ ಕಂಪನಿ. ಕೋಡ್ ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ.

ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು – ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಹೊಸ ಭಾಷೆಗೆ ಕಾಯಬೇಕಿಲ್ಲ. ಪೈಥಾನ್‌ನಲ್ಲೂ ಮ್ಯಾಪ್, ಫಿಲ್ಟರ್, ಲ್ಯಾಂಬ್ಡಾಗಳಿವೆ. ಕೈ ಪಳಗಿದ ಮೇಲೆ ಉಚಿತವಾಗಿ ಸಿಗುವ ಜಿಎಚ್‌ಸಿ ಕಂಪೈಲರ್ ಹಾಕಿಕೊಂಡು ಹ್ಯಾಸ್ಕೆಲ್‌ಗೆ ಇಳಿಯಬಹುದು. ಹೊಸಬರು ಮೊದಲು ತಡವರಿಸುವುದು ಲೂಪ್ ಇಲ್ಲದ್ದಕ್ಕೆ. ಅದರ ಜಾಗದಲ್ಲಿ ಇರುವುದು ರಿಕರ್ಶನ್: ಪಟ್ಟಿಯ ಮೊತ್ತವೆಂದರೆ ಮೊದಲ ಸಂಖ್ಯೆಗೆ ಉಳಿದ ಪಟ್ಟಿಯ ಮೊತ್ತ ಕೂಡಿಸಿದ್ದು, ಖಾಲಿ ಪಟ್ಟಿಯ ಮೊತ್ತ ಸೊನ್ನೆ. ಎರಡನೆಯ ತೊಡಕು ಟೈಪ್‌ಗಳದ್ದು. ತೂಕ ಇರಬೇಕಾದಲ್ಲಿ ‘ಕೋಕ’ ಎಂಬ ಅಕ್ಷರಗಳನ್ನು ಬರೆದರೆ, ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ತಡೆದು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.