ಮದರಾಸಿನ ಲೆಕ್ಕ, ಮಲೆನಾಡಿನ ತೋಟ

ಕಾಫಿ ಗಿಡ ನೆಟ್ಟವನು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಕಾಡು ಸವರುವ ಕೂಲಿ, ಆಳುಗಳ ಅಕ್ಕಿ, ಗುದ್ದಲಿ, ಕತ್ತಿ, ಮೇಸ್ತ್ರಿಯ ಮುಂಗಡ ಮಾತ್ರ ಒಂದು ವಾರವೂ ಕಾಯುವುದಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಬೆಟ್ಟಗಳಿಗೆ ಹತ್ತಿದ ಬಿಳಿಯ ತೋಟಗಾರರ ಕೈಯಲ್ಲಿ ಇಷ್ಟು ವರ್ಷ ತಾಳಿಕೊಳ್ಳುವ ಗಂಟು ಇದ್ದದ್ದು ಅಪರೂಪ. ಮದರಾಸಿನಲ್ಲಿ 1843ರಿಂದಲೇ ಬ್ಯಾಂಕ್ ಆಫ್ ಮದ್ರಾಸ್ ಇತ್ತು, ನಿಜ. ಆದರೆ ಅಂಥ ಪ್ರೆಸಿಡೆನ್ಸಿ ಬ್ಯಾಂಕುಗಳು ಜಮೀನು ಅಡವಿಟ್ಟುಕೊಂಡು ಸಾಲ ಕೊಡಬಾರದು, ಮೂರು ತಿಂಗಳಿಗಿಂತ ದೀರ್ಘದ ಸಾಲವನ್ನೂ ಕೊಡಬಾರದು ಎಂದು 1876ರ ಕಾಯ್ದೆ ಹೇಳಿತು. ಮೂರು ತಿಂಗಳ ಸಾಲದಿಂದ ಮೂರು ವರ್ಷದ ಗಿಡ ಬೆಳೆಸುವುದು ಹೇಗೆ?

ಈ ಕಂದರವನ್ನು ತುಂಬಿದವರು ಮದರಾಸಿನ ಸಮುದ್ರದಂಡೆಯಲ್ಲಿ ಕೂತಿದ್ದ ಏಜೆನ್ಸಿ ಮನೆಗಳವರು, ಅಂದರೆ ಮುಂಗಡ ಕೊಟ್ಟು ಕಮಿಷನ್ ಮೇಲೆ ಸರಕು ಮಾರಿಸುವ ವ್ಯಾಪಾರಿ ಕಂಪನಿಗಳವರು. ನಮ್ಮ ಕಾಫಿಯ ಕಥೆಯನ್ನು ಬಾಬಾಬುಡನ್ ತಂದ ಏಳು ಬೀಜಗಳಿಂದ ಶುರುಮಾಡಿ, ಆನೆ, ಹುಲಿ, ಕಾಡುಗಳ ಸಾಹಸದಲ್ಲಿ ಮುಗಿಸುವುದು ರೂಢಿ. ತೋಟ ಉಳಿಯಬೇಕೋ ಅಳಿಯಬೇಕೋ ಎಂಬುದು ನಿಜವಾಗಿ ತೀರ್ಮಾನವಾಗುತ್ತಿದ್ದದ್ದು ಮದರಾಸಿನ ಗುಮಾಸ್ತರ ಲೆಕ್ಕದ ಪುಸ್ತಕದಲ್ಲಿ. ಆ ಪುಸ್ತಕಕ್ಕೆ ಸಲ್ಲಬೇಕಾದ ಜಾಗ ನಮ್ಮ ಚರಿತ್ರೆಯಲ್ಲಿ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ವೇಲ್ಸ್‌ನ ಥಾಮಸ್ ಪ್ಯಾರಿ ಮದರಾಸಿಗೆ ಬಂದಿಳಿದದ್ದು 1788ರಲ್ಲಿ. ಇಂದಿಗೂ ಚೆನ್ನೈನವರ ಬಾಯಲ್ಲಿ ಪ್ಯಾರಿಸ್ ಕಾರ್ನರ್ ಎಂದು ಉಳಿದಿರುವ ಮೂಲೆ ಅವನದೇ. ಜಾನ್ ಬಿನ್ನಿಯ ಮನೆ 1799ರಿಂದ ನಡೆಯಿತು. ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟ ಗಿರಣಿಯ ಆಡಳಿತ ಮುಂದೆ ಇದೇ ಕಂಪನಿಯ ಕೈಗೆ ಬಂತು. ಮೂರನೆಯದು ಅರ್ಬತ್‌ನಾಟ್. 1836ರಲ್ಲಿ ಮದರಾಸು ವಾಣಿಜ್ಯ ಮಂಡಳಿ ಹುಟ್ಟಿದ್ದು ಬಿನ್ನಿಯವರ ಕಚೇರಿಯಲ್ಲಿ. ಇವರಲ್ಲಿ ನಮ್ಮ ಕಾಫಿಯ ಮೇಲೆ ಮೊದಲು ಕೈಯಿಟ್ಟವರು ಪ್ಯಾರಿ ಕಂಪನಿಯವರು. ಬಾಬಾಬುಡನ್ ಗಿರಿಯ ಬೆಳೆಯಲ್ಲಿ ಅರ್ಧ ಸರ್ಕಾರಕ್ಕೆ ಸೇರುತ್ತಿದ್ದ ವಾರದ ಪದ್ಧತಿಯ ಕಾಲದಲ್ಲಿ ಮೈಸೂರು ಸರ್ಕಾರದ ಆ ಪಾಲನ್ನು ಅವರು ಗುತ್ತಿಗೆ ಹಿಡಿದಿದ್ದರು. ಬಿಳಿಯ ತೋಟಗಾರ ಬೆಟ್ಟ ಹತ್ತುವ ಮೊದಲೇ ಮದರಾಸಿನ ವ್ಯಾಪಾರಿ ಬೆಟ್ಟದ ಫಸಲಿಗೆ ಬೆಲೆ ಕಟ್ಟಿಯಾಗಿತ್ತು.

1840ರ ಸುಮಾರಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಕಡೆ ತೋಟ ಹಾಕಿದ; ಅವನ ಕಾಫಿಗೆ ಲಂಡನ್ ಪೇಟೆಯಲ್ಲಿ ಅವನದೇ ಹೆಸರು ಬಿತ್ತು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ತೋಟಗಾರಿಕೆಯ ಅನುಭವವನ್ನು 1871ರಲ್ಲಿ ಪುಸ್ತಕ ಮಾಡಿದ. ಇಂಥವರ ದಿನಚರಿಯಲ್ಲಿ ಬಂದೂಕಿಗಿಂತ ಲೇಖನಿಗೇ ಹೆಚ್ಚು ಕೆಲಸ ಇತ್ತು.

ತೋಟಗಾರ ಮದರಾಸಿನ ಏಜೆಂಟಿಗೆ ಬರೆಯುತ್ತಿದ್ದ ಕಾಗದದಲ್ಲಿ ಏನಿರುತ್ತಿತ್ತು? ಮೊದಲು ಹೂವಿನ ಸಮಾಚಾರ. ಮಾರ್ಚ್ ಏಪ್ರಿಲ್‌ನ ಹೂಮಳೆ ಸರಿಯಾಗಿ ಬಿತ್ತೇ, ಕಾಯಿ ಎಷ್ಟು ಕಚ್ಚಿದೆ, ಎಷ್ಟು ಹಂಡ್ರೆಡ್‌ವೇಟ್ ಬರಬಹುದು. ಆ ಅಂದಾಜಿನ ಮೇಲೆಯೇ ಏಜೆಂಟ್ ಮುಂಗಡ ಬಿಡುತ್ತಿದ್ದ. ಆಮೇಲೆ ಬೇಡಿಕೆಯ ಪಟ್ಟಿ: ಬಟವಾಡೆಗೆ ಬೆಳ್ಳಿ ರೂಪಾಯಿ, ಗೋಣಿಚೀಲ, ಸಲಕರಣೆ, ಜ್ವರಕ್ಕೆ ಕ್ವಿನೈನ್, ಮನೆಗೆ ಬೇಕಾದ ಸಾಮಾನು. ಕೊನೆಗೆ, ಊರಿನಲ್ಲಿರುವ ತಾಯಿಗೋ ತಂಗಿಗೋ ಇಷ್ಟು ಪೌಂಡು ಕಳಿಸಿ ಎಂಬ ವಿನಂತಿ. ಮರುಟಪಾಲಿನಲ್ಲಿ ಚಾಲ್ತಿ ಲೆಕ್ಕ ಬರುತ್ತಿತ್ತು. ಮುಂಗಡದ ಬಡ್ಡಿ, ಸಾಗಾಣಿಕೆ, ವಿಮೆ, ಗೋದಾಮಿನ ಬಾಡಿಗೆ, ಮಾರಾಟದ ಮೇಲೆ ಕಮಿಷನ್ ಎಲ್ಲವನ್ನೂ ಕಳೆದು ಉಳಿದದ್ದು ತೋಟಗಾರನದು. ತಂದ ಸಾಮಾನಿಗೂ ಕಮಿಷನ್, ಕಳಿಸಿದ ಕಾಫಿಗೂ ಕಮಿಷನ್. ಬೆಳೆ ಬಂದರೂ ಬಾರದಿದ್ದರೂ ಏಜೆಂಟಿನ ಅಂಕಣ ಖಾಲಿ ಇರುತ್ತಿರಲಿಲ್ಲ.

ಈ ಕಾಗದಗಳ ದಾರಿಯೇ ಒಂದು ಕಥೆ. ಮೈಸೂರು ಸೀಮೆಯೊಳಗೆ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆ ವ್ಯವಸ್ಥೆ ಇನ್ನೂ ಜೀವಂತವಾಗಿತ್ತು; 1889ರಲ್ಲಷ್ಟೇ ಅದು ಬ್ರಿಟಿಷ್ ಟಪಾಲಿನೊಡನೆ ಸೇರಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದ ಮೇಲೆ ಮದರಾಸು ಒಮ್ಮೆಲೇ ಹತ್ತಿರವಾಯಿತು. ಮದರಾಸಿನಲ್ಲಿ ಆಗ ಬಂದರು ಕೂಡ ಇರಲಿಲ್ಲ. ಸರಕನ್ನು ಮಸೂಲ ದೋಣಿಗೆ ಹೇರಿ, ಅಲೆಯ ಹೊಡೆತ ದಾಟಿಸಿ, ದೂರ ನಿಂತ ಹಡಗಿಗೆ ಮುಟ್ಟಿಸಬೇಕಿತ್ತು. ಘಟ್ಟದ ಆಚೆಗೆ ವಾಲಿದ ತೋಟಗಳ ಕಾಫಿ ಮಂಗಳೂರು, ತಲಚೇರಿಗಳ ಕಡೆ ಇಳಿದು, ಅಲ್ಲಿನ ಕ್ಯೂರಿಂಗ್ ಅಂಗಳಗಳಲ್ಲಿ ಒಣಗಿ, ಹೆಂಗಸರ ಕೈಯಲ್ಲಿ ಆರಿಸಿಕೊಂಡು ಹಡಗು ಹತ್ತುತ್ತಿತ್ತು. ಕಲ್ಲಿಕೋಟೆಯಲ್ಲಿ 1862ರಲ್ಲಿ ಶುರುವಾದ ಪಿಯರ್ಸ್ ಲೆಸ್ಲಿಯಂಥ ಕರಾವಳಿ ಕಂಪನಿಗಳು ಬೆಳೆದದ್ದು ಈ ಕೆಲಸದ ಮೇಲೆ. ಕಾಫಿ ಎತ್ತ ಇಳಿದರೂ ಹಣದ ನಡೆ ಒಂದೇ ಬಗೆಯದು: ಬೆಟ್ಟದ ಮೇಲೆ ತೋಟ, ರೇವಿನಲ್ಲಿ ಏಜೆಂಟ್, ಲಂಡನ್ನಿನ ಮಿನ್ಸಿಂಗ್ ಲೇನ್‌ನಲ್ಲಿ ಹರಾಜು.

ಏಜೆಂಟಿನ ಮುಂಗಡ ತೋಟಗಾರನಲ್ಲೇ ನಿಲ್ಲುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ತೋಟಗಾರ ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದ; ಮೇಸ್ತ್ರಿ ದಕ್ಷಿಣ ಕನ್ನಡದ, ಬಯಲುಸೀಮೆಯ ಹಳ್ಳಿಗಳಿಗೆ ಹೋಗಿ ಆಳುಗಳಿಗೆ ಮುಂಗಡ ಹಂಚಿ ಕರೆತರುತ್ತಿದ್ದ. ಬರಲೊಲ್ಲದ, ನಡುವೆ ಬಿಟ್ಟುಹೋದ ಆಳಿನ ಮೇಲೆ 1859ರ ಕರಾರು ಉಲ್ಲಂಘನೆ ಕಾಯ್ದೆಯಡಿ ಮೊಕದ್ದಮೆ ಹೂಡಬಹುದಿತ್ತು, ಜೈಲಿಗೂ ಕಳಿಸಬಹುದಿತ್ತು. ಲಂಡನ್ನಿಗೆ ಬಾಕಿಯಾದ ಮದರಾಸು, ಮದರಾಸಿಗೆ ಬಾಕಿಯಾದ ತೋಟ, ತೋಟಕ್ಕೆ ಬಾಕಿಯಾದ ಮೇಸ್ತ್ರಿ, ಮೇಸ್ತ್ರಿಗೆ ಬಾಕಿಯಾದ ಆಳು. ಈ ಸಾಲಿನಲ್ಲಿ ಬಾಕಿ ಉಳಿಸಿದ್ದಕ್ಕೆ ಸೆರೆ ಕಾಣುವ ಭಯ ದಿನನಿತ್ಯ ಇದ್ದದ್ದು ಕಟ್ಟಕಡೆಯವನಿಗೆ ಮಾತ್ರ. ಆ ಕಾಯ್ದೆ ತೊಲಗಲು 1920ರ ದಶಕ ಬರಬೇಕಾಯಿತು. ಏಜೆಂಟರ ಲೆಕ್ಕಗಳಲ್ಲಿ ಆ ಆಳುಗಳ ಹೆಸರಿಲ್ಲ. ಕೂಲಿ ಮುಂಗಡ ಎಂಬ ಒಂದು ಸಾಲಿನಲ್ಲಿ ಎಲ್ಲರೂ ಸೇರಿಹೋಗಿದ್ದಾರೆ. ಇದು ನನ್ನನ್ನು ಬಹಳ ಕಾಡುತ್ತದೆ.

1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ತೋಟಗಳನ್ನು ಒಣಗಿಸಿತು. ಮದರಾಸು ಸರ್ಕಾರ ವೈದ್ಯ ಜಾರ್ಜ್ ಬಿಡಿಯನ್ನು ತನಿಖೆಗೆ ಕಳಿಸಿತು. ಹಿಂದೆಯೇ ಎಲೆತುಕ್ಕು ಬಂತು. ಶತಮಾನದ ಕೊನೆಗೆ ಬ್ರೆಜಿಲ್ ಕಾಫಿ ಪೇಟೆ ತುಂಬಿ ಬೆಲೆ ಕುಸಿಯಿತು. ಇಂಥ ಪ್ರತಿ ಪೆಟ್ಟಿನ ನಂತರ ತೋಟದ ಮೇಲೆ ಸಾಲ ಕೊಟ್ಟವರ ಹಿಡಿತ ಬಿಗಿಯಾಗುತ್ತಿತ್ತು.

ಕಲ್ಕತ್ತೆಯ ದೊಡ್ಡ ಏಜೆನ್ಸಿ ಮನೆಗಳು 1830ರಿಂದಾಚೆ ಸಾಲುಸಾಲಾಗಿ ಉರುಳಿದ್ದವು. ಮದರಾಸಿನ ಈ ಮನೆಗಳು ನಿಂತೇ ಇದ್ದವು. ಹಾಗಾಗಿ ಪಿಂಚಣಿದಾರರು, ವಿಧವೆಯರು, ಸರ್ಕಾರಿ ನೌಕರರು ತಮ್ಮ ಉಳಿತಾಯವನ್ನು ಅರ್ಬತ್‌ನಾಟ್ ಕಂಪನಿಯಲ್ಲಿ ನಿಶ್ಚಿಂತೆಯಿಂದ ಇಟ್ಟರು. 1906ರ ಅಕ್ಟೋಬರ್ 22ರಂದು ಅದು ಬಾಗಿಲು ಹಾಕಿತು. ಲಂಡನ್ನಿನ ಪಾಲುದಾರ ಮ್ಯಾಕ್‌ಫೇಡಿಯನ್ ಸಟ್ಟಾ ವ್ಯವಹಾರಗಳಲ್ಲಿ ಹಣ ಕರಗಿಸಿ, ಅದಕ್ಕೆ ತುಸು ಮೊದಲು ಪ್ರಾಣ ಕಳೆದುಕೊಂಡಿದ್ದ. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ 18 ತಿಂಗಳ ಕಠಿಣ ಶಿಕ್ಷೆಯಾಯಿತು. ಬೀದಿಗೆ ಬಿದ್ದ ಠೇವಣಿದಾರರ ಸಿಟ್ಟಿನಿಂದಲೇ, ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂದಾಳುತನದಲ್ಲಿ, 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ನಮ್ಮ ಕರಾವಳಿ ಆ ಕುಸಿತಕ್ಕಾಗಿ ಕಾದಿರಲಿಲ್ಲ. ಅದೇ 1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ತಮ್ಮ ತಮ್ಮ ಬ್ಯಾಂಕು ತೆರೆದಾಗಿತ್ತು. ಇಂಗ್ಲಿಷ್ ಕಾಗದ ಬರೆಯಲು ಬಾರದ ಬೆಳೆಗಾರನೂ ನಿಂತು ಮಾತಾಡಬಹುದಾದ ಕಟ್ಟೆ ಸಿದ್ಧವಾಗುತ್ತಿತ್ತು.

ಏಜೆಂಟಿನ ಜಾಗವನ್ನು ಕೊನೆಗೆ ತೆಗೆದುಕೊಂಡದ್ದು ಸರ್ಕಾರ. ಎರಡನೇ ಮಹಾಯುದ್ಧ ಯುರೋಪಿನ ಪೇಟೆ ಮುಚ್ಚಿದಾಗ, 1942ರ ಕಾಯ್ದೆಯಿಂದ ಕಾಫಿ ಮಂಡಳಿಯ ಪೂಲ್ ಪದ್ಧತಿ ಗಟ್ಟಿಯಾಯಿತು. ಬೆಳೆದದ್ದನ್ನೆಲ್ಲ ಪೂಲಿಗೆ ಹಾಕಬೇಕು; ಮೊದಲೊಂದು ಮುಂಗಡ, ಉಳಿದ ದುಡ್ಡು ಕಂತುಕಂತಾಗಿ. ಕೊನೆಯ ಕಂತಿಗೆ ಕಾದು ಕಾದು ಸೋತ ಹಿರಿಯರು ಮಲೆನಾಡಿನ ಎಲ್ಲ ಊರಲ್ಲೂ ಇದ್ದಾರೆ. 1990ರ ದಶಕದಲ್ಲಿ ಮಾರಾಟ ಹಂತಹಂತವಾಗಿ ಮುಕ್ತವಾಯಿತು. ಈಗಿನ ಬೆಳೆಗಾರರಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆ ಜಮೀನಿನವರು. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ವ್ಯಾಪಾರಿ ದಿನದ ರೇಟನ್ನು ಮೊಬೈಲಿಗೆ ಕಳಿಸುತ್ತಾನೆ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯೇ ಇಂದಿಗೂ ಅಳತೆಗೋಲು. ಮಗಳ ಮದುವೆಯೋ ಗೊಬ್ಬರದ ಖರ್ಚೋ ಎದುರಾದರೆ, ಗಿಡದಲ್ಲಿ ಕಾಯಿ ಇನ್ನೂ ಹಸಿರಿರುವಾಗಲೇ ಆ ವ್ಯಾಪಾರಿಯಿಂದ ಅಡ್ವಾನ್ಸ್ ತರುವವರೂ ಇದ್ದಾರೆ.