ಕಾರಿನ ಬಾಗಿಲೊಳಗೂ ಮಳೆ!

ಮಳೆಗಾಲದ ಒಂದು ಸಂಜೆ ಯಾದಗಿರಿಯಿಂದ ರಾಮಸಮುದ್ರಕ್ಕೆ ಬರುತ್ತಿದ್ದೆ. ಕಾರಿನ ರೇಡಿಯೊದಲ್ಲಿ ಕಲಬುರಗಿ ಆಕಾಶವಾಣಿಯ ವಚನ ಗಾಯನ. ಇದ್ದಕ್ಕಿದ್ದಂತೆ ಎಡಬಾಗಿಲಿನ ಸ್ಪೀಕರು ಗೊರಗೊರ ಎನ್ನತೊಡಗಿತು. ನಾಲ್ಕು ದಿನ ನೆಗಡಿಯಾದವರಂತೆ ಗೊರಗುಟ್ಟಿ, ಐದನೆಯ ದಿನ ಮಾತೇ ನಿಲ್ಲಿಸಿತು. ಅಂಗಡಿಯವರು ಹಳೆಯದನ್ನು ಕಿತ್ತು ಹೊಸ ಜೋಡಿ ಹಾಕಿಕೊಟ್ಟರು. ಮರುವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಗತಿಯೂ ಅದೇ. ಈ ಸಲ ಜೊತೆಗೆ ಕಾಲಡಿಯ ಚಾಪೆ ಒದ್ದೆ, ಕಾರಿನ ತುಂಬ ಮುಗ್ಗಲು ವಾಸನೆ.

ಎರಡು ಸಲ ದುಡ್ಡು ಕಳೆದುಕೊಂಡ ಮೇಲೆ, ಗ್ಯಾರೇಜು ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹತ್ತಿರ ಹೋದೆ. “ಕಿಟಕಿ ಗಾಜಿನ ಸಂದ್ಯಾಗಿಂದ ನೀರು ಒಳಗ ಹೋಗ್ತದ. ಅದನ್ನ ಪೂರಾ ಮುಚ್ಚಿಬಿಡಪಾ” ಎಂದೆ.

ಅವನು ನಕ್ಕ. “ಸರ, ಡೋರಿನ್ಯಾಗ ನೀರು ಬರೋದು ತಪ್ಪಲ್ರಿ. ಬಂದ ನೀರು ಹೊರಗ ಹೋಗಲಾರ್ದ ನಿಂದ್ರೋದು ತಪ್ಪು.”

ಹತ್ತನೆಯ ತರಗತಿಯಲ್ಲಿ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ ಅಂದು ನನಗೆ ಪಾಠ ಹೇಳಿದ. ಆ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ಬಾಗಿಲೊಳಗೆ ಏನಿದೆ?

ಕಾರಿನ ಬಾಗಿಲು ಒಂದೇ ತಗಡಲ್ಲ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಪೊಳ್ಳು. ಗಾಜನ್ನು ಇಳಿಸಿದಾಗ ಅದು ಅಡಗುವುದು ಈ ಪೊಳ್ಳಿನಲ್ಲೇ. ಗಾಜು ಸರಾಗವಾಗಿ ಏರಿಳಿಯಬೇಕಾದರೆ ಅದರ ಬುಡದಲ್ಲಿರುವ ರಬ್ಬರ್ ಪಟ್ಟಿ ತೀರ ಬಿಗಿಯಾಗಿರುವಂತಿಲ್ಲ. ಹೀಗಾಗಿ ಗಾಜಿನ ಮೇಲೆ ಹರಿದ ಮಳೆನೀರಿನಲ್ಲಿ ಒಂದಷ್ಟು ಪಟ್ಟಿಯನ್ನು ದಾಟಿ ಒಳಗಿಳಿದೇ ಇಳಿಯುತ್ತದೆ. ಹೊಸ ಕಾರಾದರೂ ಅಷ್ಟೆ. ಬಿಸಿಲಿಗೆ ರಬ್ಬರು ಸೆಟೆದು ಬಿರುಕುಬಿಟ್ಟ ಹಳೆಯ ಕಾರಿನಲ್ಲಿ ಇನ್ನೂ ಹೆಚ್ಚು.

ಕಾರು ಕಟ್ಟುವವರಿಗೆ ಇದು ಗೊತ್ತು. ಅದಕ್ಕೇ ಅವರು ಬಾಗಿಲಿನ ತಳದಂಚಿನಲ್ಲಿ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಯಂತೆಯೇ ಇದು. ಮಾಳಿಗೆಯ ಮೇಲೆ ಬೀಳುವ ಮಳೆಯನ್ನು ಯಾರೂ ತಡೆಯಲಾರರು. ಇಳಿಜಾರು ಕೊಟ್ಟು, ನೀರು ಹೊರಗೆ ಬೀಳಲು ದಾರಿ ಬಿಡುತ್ತಾರೆ. ಆ ದಾರಿ ಕಟ್ಟಿದ ದಿನ ಮನೆ ಸೋರುತ್ತದೆ.

ಇನ್ನೊಂದು ರಕ್ಷಣೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಳತಗಡಿನ ಮೇಲೆ, ನಾವು ಕೈಯೂರುವ ಅಲಂಕಾರದ ಹಲಗೆಯ ಹಿಂದೆ, ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಬಾಗಿಲೊಳಗಿನ ನೀರು ಕಾರಿನೊಳಕ್ಕೆ ಬಾರದಂತೆ ತಡೆಯುವುದು ಅದರ ಕೆಲಸ. ಈ ಹಾಳೆಯ ಕೆಳ ಅಂಚು ಒಳತಗಡಿನ ಸೀಳಿನೊಳಗೆ ಬಾಗಿಲಿನ ಪೊಳ್ಳಿನ ಕಡೆಗೆ ತೂರಿರಬೇಕು. ಆಗ ಹಾಳೆಯ ಮೇಲಿಳಿದ ಹನಿ ಮತ್ತೆ ಬಾಗಿಲೊಳಗೇ ಬಿದ್ದು ಕಿಂಡಿಯಿಂದ ಹೊರಹೋಗುತ್ತದೆ. ಅಂಚು ಹೊರಗೆ ಜೋತುಬಿದ್ದರೆ ಅದೇ ಹನಿ ನಿಮ್ಮ ಚಾಪೆಗೆ ಬೀಳುತ್ತದೆ.

ನನ್ನ ಕಾರಿನಲ್ಲಿ ಆಗಿದ್ದು ಇದೇ. ಸ್ಪೀಕರು ಬದಲಿಸಿದವರು ಹಾಳೆಯನ್ನು ದೊಡ್ಡದಾಗಿ ಹರಿದು ಹಾಗೇ ಬಿಟ್ಟಿದ್ದರು. ಕೆಳಗಿನ ಕಿಂಡಿಗಳಲ್ಲಿ ಎರಿ ಮಣ್ಣಿನ ಧೂಳು ಗಾರೆಯಂತೆ ಗಟ್ಟಿಯಾಗಿತ್ತು. ನಮ್ಮ ಎರಿ ಮಣ್ಣಿನ ಗುಣ ರೈತರಿಗೆ ಗೊತ್ತೇ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಬೇಸಿಗೆಯಲ್ಲಿ ಬಾಗಿಲೊಳಗೆ ಸೇರಿದ ಧೂಳು ಮೊದಲ ಮಳೆಗೆ ಕೆಸರಾಗಿ ಕಿಂಡಿಗೆ ಬಿರಡೆ ಹಾಕುತ್ತದೆ. ಹುಡುಗ ಕಡ್ಡಿಯಿಂದ ಚುಚ್ಚಿದ. ಬಳಬಳ ಎಂದು ಕಂದು ನೀರು ಸುರಿಯಿತು.

ನೀರಿಗೂ ಸ್ಪೀಕರಿಗೂ ಏಕೆ ಹಗೆತನ?

1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸೋದರರು ‘ಮೊಟೊರೋಲಾ’ ಹೆಸರಿನಲ್ಲಿ ಕಾರಿನ ರೇಡಿಯೊ ಮಾರಲು ತೊಡಗಿದರು. ಅದಕ್ಕೂ ಮೊದಲೇ, 1925ರಲ್ಲಿ, ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಇಂದಿನ ಮಾದರಿಯ ಸ್ಪೀಕರನ್ನು ವಿವರಿಸಿದ್ದರು. ಅದರ ಮೂಲ ತತ್ವ ಇಂದಿಗೂ ಬದಲಾಗಿಲ್ಲ. ಶಂಕುವಿನಾಕಾರದ ಪೊರೆ, ಅದರ ಬುಡಕ್ಕೊಂದು ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿಯ ಮೇಲೆ ಬಲ ಬೀಳುತ್ತದೆ ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳು ಫ್ಲೆಮಿಂಗನ ಎಡಗೈ ನಿಯಮದಲ್ಲಿ ಓದುತ್ತಾರೆ. ಆ ಬಲವೇ ಸುರುಳಿಯನ್ನು ಹಿಂದೆ ಮುಂದೆ ಕುಣಿಸುತ್ತದೆ. ಸುರುಳಿಯೊಂದಿಗೆ ಪೊರೆ ಕುಣಿಯುತ್ತದೆ, ಪೊರೆಯೊಂದಿಗೆ ಗಾಳಿ.

ಸುರುಳಿ ಕುಣಿಯುವ ಸಂದು ಬಹಳ ಕಿರಿದು. ಸುತ್ತಲಿನ ಕಬ್ಬಿಣದ ಬಿಲ್ಲೆಗಳಿಗೆ ತುಕ್ಕು ಹಿಡಿದರೆ ಸುರುಳಿ ಉಜ್ಜತೊಡಗುತ್ತದೆ. ಗೊರಗೊರ ಸದ್ದಿಗೆ ಇದೊಂದು ಕಾರಣ. ಕಾಗದದ ಪೊರೆ ನೀರು ಹೀರಿ ಭಾರವಾಗಿ ಮೆತ್ತಗಾಗುತ್ತದೆ. ಪೊರೆಯ ಅಂಚಿಗೆ ಫೋಮ್ ಇದ್ದರೆ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ತಂತಿ ಜೋಡಿಸುವ ಲೋಹದ ತುದಿಗಳಲ್ಲಿ ಹಸಿರು ಕಿಲುಬು ಬೆಳೆಯುತ್ತದೆ. ತಮಾಷೆಯೆಂದರೆ, ಸಾಮಾನ್ಯ ಸ್ಪೀಕರಿನ ಕಪ್ಪು ಫೆರೈಟ್ ಅಯಸ್ಕಾಂತಕ್ಕೆ ಮಾತ್ರ ತುಕ್ಕಿನ ಭಯವಿಲ್ಲ. ಅದನ್ನು ಮಾಡುವುದೇ ಕಬ್ಬಿಣದ ಆಕ್ಸೈಡಿನಿಂದ!

ಸ್ಪೀಕರಿನ ಮುಖ ನಮ್ಮ ಕಡೆಗಿದ್ದರೂ ಬೆನ್ನು ಇರುವುದು ಮಳೆ ಇಳಿಯುವ ಪೊಳ್ಳಿನಲ್ಲಿ. ಆದ್ದರಿಂದ ಕಾಪಾಡಬೇಕಾದ್ದು ಬೆನ್ನನ್ನು.

ಮಾಡಬೇಕಾದ್ದು, ಮಾಡಬಾರದ್ದು

ಮೊದಲು ಕಿಂಡಿ. ಬಾಗಿಲು ತೆರೆದು ತಳದಂಚನ್ನು ಬೆರಳಿನಿಂದ ಸವರಿ ನೋಡಿ. ಪೊರಕೆ ಕಡ್ಡಿಯಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಬಿಡಿಸಿ. ಮೊಳೆ ಹಾಕಿ ಕೆರೆಯಬೇಡಿ. ಬಣ್ಣ ಕಿತ್ತ ಜಾಗದಿಂದಲೇ ತುಕ್ಕು ಆರಂಭವಾಗುತ್ತದೆ. ಬಳಿಕ ಹೊರಗಿನಿಂದ ಗಾಜಿನ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿಯಿರಿ. ತಳದಿಂದ ಹನಿ ಬಿದ್ದರೆ ದಾರಿ ಸರಿಯಿದೆ ಎಂದರ್ಥ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ದಾರಿ ಕಟ್ಟಿದೆ.

ಎರಡನೆಯದು ಹಾಳೆ. ಸ್ಪೀಕರು ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಹಾಳೆ ಹರಿದಿದ್ದರೆ ದಪ್ಪ ಪಾಲಿಥಿನ್ ಹಾಳೆ ಕತ್ತರಿಸಿ, ಬ್ಯುಟೈಲ್ ರಬ್ಬರಿನ ಅಂಟುಪಟ್ಟಿಯಿಂದ ಸುತ್ತಲೂ ಒತ್ತಿಸಿ. ಕೆಳ ಅಂಚು ಒಳಗೇ ಹೋಗಲಿ. ಸಾಮಾನ್ಯ ಟೇಪು ಬಿಸಿಲಿಗೆ ಬಿಟ್ಟುಹೋಗುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಅಂಟೂ ಬೇಡ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ.

ಮೂರನೆಯದು ಸ್ಪೀಕರಿಗೊಂದು ಚಪ್ಪರ. ಹಿಂಬದಿಗೆ ತೊಡಿಸುವ ಫೋಮಿನ ಬಟ್ಟಲುಗಳು ಅಂಗಡಿಯಲ್ಲಿ ಸಿಗುತ್ತವೆ. ಇಡೀ ಬಟ್ಟಲನ್ನು ಹಾಗೇ ತೊಡಿಸಿದರೆ ನೀರು ಅದರಲ್ಲೇ ನಿಲ್ಲಬಹುದು. ಗಾಳಿಗೆ ಜಾಗವಿಲ್ಲದೆ ತಗ್ಗಿನ ಸ್ವರಗಳೂ ಕುಗ್ಗುತ್ತವೆ. ಕೆಳಗಿನ ಅರ್ಧ ಕತ್ತರಿಸಿ ಮೇಲಿನ ಅರ್ಧವನ್ನಷ್ಟೇ ಛತ್ರಿಯಂತೆ ಬಿಡುವುದು ಒಳ್ಳೆಯದು. ನನ್ನ ಶಿಷ್ಯ ಹಳೆಯ ಎಣ್ಣೆ ಡಬ್ಬಿಯ ಪ್ಲಾಸ್ಟಿಕ್ಕನ್ನೇ ಬಾಗಿಸಿ ಕೂರಿಸಿದ. ಕೂರಿಸುವ ಮೊದಲು ಗಾಜನ್ನು ಪೂರ್ತಿ ಇಳಿಸಿ, ತಾಗುವುದಿಲ್ಲವೆಂದು ಖಚಿತ ಮಾಡಿಕೊಂಡ.

ನಾಲ್ಕನೆಯದು ತಂತಿ. ಸ್ಪೀಕರಿಗೆ ಬರುವ ತಂತಿ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಿ ಸೇರಬೇಕು. ಆಗ ತಂತಿಗುಂಟ ಬಂದ ಹನಿ ಜೋಲಿನ ತಳದಿಂದ ಉದುರಿಹೋಗುತ್ತದೆ. ಹೊಸದು ಕೊಳ್ಳುವುದಾದರೆ ಪಾಲಿಪ್ರೊಪಿಲೀನ್ ಪೊರೆ, ರಬ್ಬರ್ ಅಂಚಿನದನ್ನು ಕೇಳಿ. ಕೆಳಗೆ ಮರದ ಪುಡಿಯ ಹಲಗೆಯ ಬಳೆ ಹಾಕಿಸಬೇಡಿ. ಅದು ನೀರು ಕುಡಿದು ಉಬ್ಬುತ್ತದೆ.

ಬಾಗಿಲು ತೊಳೆಯುವಾಗ ರಭಸದ ನೀರಿನ ಪೈಪನ್ನು ಗಾಜಿನ ಬುಡಕ್ಕೆ ಹಿಡಿಯದಿರುವುದೂ ಒಳ್ಳೆಯದು. ನೆನೆದ ಸ್ಪೀಕರನ್ನು ಜೋರಾಗಿ ಬಾರಿಸಿ ಒಣಗಿಸಲು ಹೋಗಬೇಡಿ. ಬಿಚ್ಚಿ ನೆರಳಿನಲ್ಲಿಡಿ. ಮಲ್ಟಿಮೀಟರಿನಲ್ಲಿ 4 ಓಮಿನ ಸ್ಪೀಕರು 3ರಿಂದ 4ರ ನಡುವೆ ತೋರಿಸಿದರೆ ಸುರುಳಿ ಕಡಿದಿಲ್ಲ ಎಂದು ತಿಳಿಯಿರಿ.

ಹಾಡಿನ ಮಾತಷ್ಟೇ ಅಲ್ಲ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದಾಗ ಕಂಡಂಥ ನೀರಿನ ಮುಂದೆ ಈ ಉಪಾಯಗಳು ನಡೆಯವು. ಮುಳುಗಿದ ಕಾರನ್ನು ಚಾಲೂ ಮಾಡದೆ ಗ್ಯಾರೇಜಿಗೆ ಎಳೆಸುವುದೇ ಜಾಣತನ. ಆದರೆ ಪ್ರತಿ ವರ್ಷದ ಮಳೆಗೆ ಇವು ಸಾಕು.

ಸ್ಪೀಕರು ಹೋದರೆ ಹಾಡು ಹೋದೀತು, ಅಷ್ಟೇ ತಾನೆ ಎನ್ನಬಹುದು. ನಿಂತ ನೀರು ಬಾಗಿಲಿನ ತಳವನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆಯೆದ್ದು ನಮಗೆ ತಿಳಿಯುವ ಹೊತ್ತಿಗೆ ತಗಡು ಜಾಳಾಗಿರುತ್ತದೆ. ಕಿಟಕಿ ಏರಿಸುವ ಮೋಟಾರು, ಬೀಗ ಎಲ್ಲವೂ ಅಲ್ಲೇ ಇವೆ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿಗೆ ಸೂಚನೆ ಕೊಡುವ ಒತ್ತಡದ ಸಂವೇದಕವೂ ಬಾಗಿಲೊಳಗಿರುತ್ತದೆ. ಡಿಕ್ಕಿಯಾದಾಗ ಬಾಗಿಲೊಳಗಿನ ಗಾಳಿಯ ಒತ್ತಡ ಏರುವುದನ್ನು ಅದು ಗುರುತಿಸಬೇಕು. ಅಂಥ ಕಾರಿನಲ್ಲಿ ಹರಿದ ಹಾಳೆ ಜೀವದ ಪ್ರಶ್ನೆಯೂ ಆದೀತು. ಅದನ್ನು ತಿಳಿದವರಿಂದಲೇ ಬಿಚ್ಚಿಸಬೇಕು.

ಅಂದು ನನ್ನ ಕಾರಿಗೆ ಬೇಕಾದದ್ದು ಒಂದು ಹಾಳೆ, ಒಂದು ಸುರುಳಿ ಅಂಟುಪಟ್ಟಿ, ಒಂದು ಹಳೆಯ ಡಬ್ಬಿ. ಅದಾದ ಮೇಲೆ ಎರಡು ಮಳೆಗಾಲ ಕಳೆದಿವೆ, ಸ್ಪೀಕರು ಹಾಡುತ್ತಲೇ ಇದೆ. ಮಿರಗ ಮಳೆಗೆ ಮುನ್ನ ಮಾಳಿಗೆ ಹತ್ತಿ ನೀರಿನ ದಾರಿ ಬಿಡಿಸುವುದು ನಮ್ಮೂರಲ್ಲಿ ರೂಢಿ. ಈಗ ಮಾಳಿಗೆಯಿಂದ ಇಳಿದವನು ಕಾರಿನ ಪಕ್ಕದಲ್ಲೂ ಒಮ್ಮೆ ಮೊಣಕಾಲೂರುತ್ತೇನೆ. ಕೈಯಲ್ಲೊಂದು ಪೊರಕೆ ಕಡ್ಡಿ ಇದ್ದರೆ ಸಾಕು.